ಶನಿವಾರದ ಕೈ

ಶನಿವಾರ ಬಂತೆಂದರೆ ಹರಪನಹಳ್ಳಿಯ ಶಿವಯೋಗಪ್ಪನವರಿಗೆ ಹೊಟ್ಟೆ ಹಸಿಯುತ್ತಿತ್ತು, ಸಂಘಮಿತ್ರಾಗೆ ಹೊಟ್ಟೆ ಉರಿಯುತ್ತಿತ್ತು. ಈ ಎರಡು ಹೊಟ್ಟೆಗಳ ನಡುವೆ ಕೂತು, ಯಾವುದರ ಪರಿವೆಯೂ ಇಲ್ಲದೆ ತನ್ನ ಬಾಲದ ತುದಿಯಲ್ಲಿ ಹೇನು ಹುಡುಕುತ್ತಿದ್ದವನು ಮಾರುತಿ. ಮಾರುತಿ ಎಂದರೆ ಕಾರಲ್ಲ, ದೇವರೂ ಅಲ್ಲ. ಈ ಎರಡನೆಯ ಮಾತನ್ನು ಶಿವಯೋಗಪ್ಪನವರ ಮುಂದೆ ಆಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಕಪ್ಪು ಮುಖದ, ಬೂದಿ ಬಣ್ಣದ ಮೈಯ, ಮೈಗಿಂತ ಉದ್ದದ ಬಾಲವಿರುವ ಒಂದು ಮುಸುವ. ಆ ಸೀಮೆಯವರ ಬಾಯಲ್ಲಿ ಮುಸ್ಯಾ. ಈ ಕತೆಯಲ್ಲಿರುವ ಬಾಲ ಅದೊಂದೇ; ಹೇಳುವವರು ಬೇರೆ ಬಾಲ ಅಂಟಿಸಿಲ್ಲ.

ಕೂಡ್ಲಿಗಿಯಿಂದಾಚೆ, ಯಾರೋ ಲಾರಿಯಿಂದ ಸುರಿದು ಮರೆತು ಹೋದಂತೆ ಬಂಡೆಗಳು ಬಿದ್ದಿರುವ ಗುಡ್ಡವೊಂದರ ಬುಡದಲ್ಲಿ ವನ್ಯಪ್ರಾಣಿಗಳ ಆರೈಕೆ ಕೇಂದ್ರವಿದೆ. ಜನರ ಕೈಗೆ ಸಿಕ್ಕು ಅರ್ಧ ಮನುಷ್ಯರಾಗಿಬಿಟ್ಟ ಪ್ರಾಣಿಗಳನ್ನು ಬಿಡಿಸಿ ತಂದು, ಮತ್ತೆ ಪೂರ್ತಿ ಪ್ರಾಣಿ ಮಾಡುವ ಕೆಲಸ ಅಲ್ಲಿಯದು. ಸಂಘಮಿತ್ರಾ ಅಲ್ಲಿನ ಉಸ್ತುವಾರಿ. ಪ್ರಾಣಿಶಾಸ್ತ್ರ ಓದಿ ಈ ಕೆಲಸಕ್ಕೆ ಬರುವಾಗ ಅವಳು ಕಾಡಿನ ಬಗ್ಗೆ ಕನಸು ಕಂಡಿದ್ದಳು. ಬಂದ ಮೇಲೆ ಸಿಕ್ಕದ್ದು ಪಂಜರದ ಬಾಗಿಲು ತೆರೆದರೆ ಹಾರಿಹೋಗದೆ ಭವಿಷ್ಯದ ಕಾರ್ಡು ಹುಡುಕುವ ಗಿಳಿ, ಅಂಗಡಿಯ ಗಲ್ಲಾಪೆಟ್ಟಿಗೆಯ ಕೆಳಗೆ ಬೆಳೆದು ಬೆಳಕು ಕಂಡರೆ ಕತ್ತು ಒಳಗೆಳೆದುಕೊಳ್ಳುವ ನಕ್ಷತ್ರದ ಆಮೆ, ಯಾರಾದರೂ ಚಪ್ಪಾಳೆ ತಟ್ಟಿದರೆ ಎದ್ದು ನಿಲ್ಲುವ ಮುದಿ ಕರಡಿ. ಕಾಡಿನಿಂದ ಇವನ್ನು ಹಿಡಿದು ತರಲು ಒಬ್ಬೊಬ್ಬರಿಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ವಾಪಸು ಕಳಿಸಲು ಅವಳ ಯೌವನವೇ ಸಾಲುವ ಹಾಗೆ ಕಾಣುತ್ತಿರಲಿಲ್ಲ.

ಅಂಥವರಲ್ಲಿ ಮತ್ತೆ ಕಾಡು ಸೇರುವ ಆಸೆ ಇದ್ದದ್ದು ಮಾರುತಿಯೊಬ್ಬನ ಮೇಲೆಯೇ.

ಹರಪನಹಳ್ಳಿಯಲ್ಲಿ ಮೆಕ್ಕೆಜೋಳ ಬರುವ ಕಾಲಕ್ಕೆ ಚೀಲಗಳಿಗಿಂತ ಮುಂಚೆ ಕೋತಿಗಳು ಬರುತ್ತವೆ. ಶಿವಯೋಗಪ್ಪನವರ ಗೋಡೌನಿನಲ್ಲಿ ಅವು ಚೀಲ ಹರಿಯುವುದಷ್ಟೇ ಅಲ್ಲ, ತಕ್ಕಡಿಯ ಮೇಲೆ ಕೂತು ತೂಗಿಕೊಳ್ಳುತ್ತಿದ್ದವಂತೆ. ಕೋತಿಗಳಿಗೆ ಕಪ್ಪು ಮುಖ ಕಂಡರೆ ಭಯ. ಹೀಗಾಗಿ ಕರೆಂಟಿನ ತಂತಿಗೆ ಸಿಕ್ಕು ತಾಯಿ ಸತ್ತಿದ್ದ ಮರಿಯೊಂದನ್ನು ಯಾರೋ ತಂದುಕೊಟ್ಟಾಗ ಶಿವಯೋಗಪ್ಪನವರು ಸೊಂಟಕ್ಕೆ ಸರಪಳಿ ಕಟ್ಟಿ ಚೀಲಗಳ ಮೇಲೆ ಕೂಡಿಸಿದರು. ಕೋತಿಗಳು ಓಡಿದವು. ಅದೇ ವರ್ಷ ವ್ಯಾಪಾರವೂ ಏರಿತು. ಏರಿದ ವ್ಯಾಪಾರ ಮುಸ್ಯಾನನ್ನು ಹನುಮಪ್ಪನನ್ನಾಗಿ ಮಾಡಿತು. ಸೋಮವಾರ ಶಿವನಿಗೆ, ಶನಿವಾರ ಹನುಮಪ್ಪನಿಗೆ, ಉಳಿದ ದಿನ ಮೆಕ್ಕೆಜೋಳಕ್ಕೆ ಎಂದು ವಾರವನ್ನು ಹಂಚಿದ ಶಿವಯೋಗಪ್ಪನವರು, ಶನಿವಾರ ಮಾರುತಿ ತಮ್ಮ ಕೈಯಿಂದ ಒಂದು ಬಾಳೆಹಣ್ಣು ತೆಗೆದುಕೊಳ್ಳುವ ತನಕ ನೀರೂ ಮುಟ್ಟುವುದಿಲ್ಲ ಎಂದು ವ್ರತ ಹಿಡಿದರು. ಗೋಡೌನಿನಲ್ಲಿ ಇದು ಕಷ್ಟದ ವ್ರತವಾಗಿರಲಿಲ್ಲ. ಅವರು ಸ್ನಾನ ಮುಗಿಸಿ ಬರುವ ಮೊದಲೇ ಮಾರುತಿ ಕೈ ಚಾಚಿ ಕೂತಿರುತ್ತಿದ್ದ.

ಅರಣ್ಯ ಇಲಾಖೆಯವರು ವ್ಯಾನು ತಂದು ಮಾರುತಿಯನ್ನು ಒಯ್ದರು. ಕಾಡುಪ್ರಾಣಿಯನ್ನು ಕಟ್ಟಿಹಾಕಿದ್ದು ತಪ್ಪೆಂದು ಶಿವಯೋಗಪ್ಪನವರು ಒಪ್ಪಿಕೊಂಡರು, ಅಂಗಳದಲ್ಲಿ ನಿಂತು ಅತ್ತರು, ದಂಡ ಕಟ್ಟಿದರು. ವ್ರತ ಮಾತ್ರ ಬಿಡಲಿಲ್ಲ. ಅದರ ಮುಂದಿನ ಶನಿವಾರದಿಂದ ಕೇಂದ್ರದ ಗೇಟಿನ ಮುಂದೆ ಒಂದು ಬಿಳಿ ಕಾರು, ಒಂದು ಬಾಳೆಗೊನೆ ಮತ್ತು ಒಂದು ಖಾಲಿ ಹೊಟ್ಟೆ ಬಂದು ನಿಲ್ಲತೊಡಗಿದವು.

"ಸಾವ್ಕಾರ್ರ, ಬರಬ್ಯಾಡ್ರಿ ಅಂತ ಹೋದ ವಾರಾನ ಹೇಳೀನಿ," ಎಂದಳು ಸಂಘಮಿತ್ರಾ, ಗೇಟಿನ ಒಳಗಿನಿಂದ.

"ನೀನು ಹೇಳೀದಿ ಯವ್ವ. ವ್ರತ ಕೇಳಬೇಕಲ್ಲ."

"ಅವನು ಮನುಷ್ಯಾರ ಕೈಯಾಗಿಂದು ತಿನ್ನದು ಮರೀಬೇಕ್ರಿ. ಮರೆತ್ರ ಗುಡ್ಡದ ಮ್ಯಾಲಿನ ಗುಂಪಿಗೆ ಸೇರಸಾಕ ಬರ್ತೈತಿ. ಇಲ್ಲಂದ್ರ ಸಾಯೋತನಕ ಬೋನಿನಾಗ ಇರ್ತಾನ."

"ನಾನು ಬೋನಿನಾಗ ಇಟ್ಟಿದ್ನೇನು? ಬಯಲಾಗ ಇಟ್ಟಿದ್ದೆ."

"ಸರಪಳಿ ಹಾಕಿ."

"ಬೆಳ್ಳಿ ಸರಪಳಿ ಮಾಡಸಬೇಕು ಅಂತಿದ್ದೆ. ಅಷ್ಟರಾಗ ನೀವು ವ್ಯಾನ್ ತಂದ್ರಿ."

ಕಾರಿನಿಂದ ಅವರ ಹೆಂಡತಿ ನೀಲಗಂಗಮ್ಮ ತಲೆ ಹೊರಗೆ ಹಾಕಿದರು. "ಮೇಡಂ, ಇವ್ರಿಗೆ ಸಕ್ರಿ ಕಾಯಿಲಿ ಐತಿ. ಮುಂಜಾನಿ ಗುಳಿಗಿ ನೀರಿಲ್ದ ನುಂಗಿ ಹಂಗಾ ಬಂದಾರ. ಬಿದ್ರ ನಿಮ್ಮ ಗೇಟಿನಾಗ ಬೀಳ್ತಾರ, ಆಮ್ಯಾಲೆ ನನ್ನ ಕೇಳಬ್ಯಾಡ್ರಿ."

ಸಂಘಮಿತ್ರಾ ಗೇಟು ತೆರೆಯಲಿಲ್ಲ. ಆದರೆ ಗೇಟಿಗೆ ಕಾವಲುಗಾರನೆಂಬ ಒಬ್ಬನಿದ್ದ, ಅವನಿಗೂ ಹನುಮಪ್ಪ ದೇವರೇ. ಅವಳು ಕರಡಿಗೆ ಔಷಧಿ ಕುಡಿಸಲು ಅತ್ತ ಹೋದಾಗ ಅವನು ಇತ್ತ ಸಾವ್ಕಾರರನ್ನು ಹಿಂದಿನ ಬೇಲಿಯ ದಾರಿಯಿಂದ ಕರೆದೊಯ್ದ. ಭಾನುವಾರ ಬೆಳಿಗ್ಗೆ ಮಾರುತಿಯ ಆವರಣದಲ್ಲಿ ಅವಳಿಗೆ ಬಾಳೆಸಿಪ್ಪೆ ಸಿಕ್ಕಿತು, ಜೊತೆಗೆ ಚೂರು ಊದುಬತ್ತಿಯೂ. ಕಾವಲುಗಾರನನ್ನು ಕೇಳಿದರೆ, "ಗಾಳಿಗೆ ಬಂದಿರಬೇಕ್ರಿ," ಎಂದ.

ಮಾರುತಿಯ ಆವರಣವೆಂದರೆ ಗುಡ್ಡದ ಒಂದು ತುಣುಕಿಗೆ ಜಾಲರಿ ಸುತ್ತಿದ್ದು. ಒಳಗೆ ಕಮರದ ಮರ, ಬೇವು, ಒಂದು ಹುಣಸೆ. ಹೊರಗಿನ ಬಂಡೆಗಳ ಮೇಲೆ ಬೆಳಿಗ್ಗೆ ಬೆಳಿಗ್ಗೆ ಕಾಡಿನ ಮುಸುವಗಳ ಗುಂಪು ಬಂದು ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಅವು ಇವನನ್ನು ನೋಡಬೇಕು, ಇವನು ಅವುಗಳನ್ನು ನೋಡಬೇಕು, ನೋಡಿ ನೋಡಿ ಒಂದು ದಿನ ಬಾಗಿಲು ತೆರೆದಾಗ ಅತ್ತ ಹೋಗಬೇಕು. ಇದು ಸಂಘಮಿತ್ರಾಳ ಲೆಕ್ಕ. ಹಣ್ಣು ತಿಂದ ಮಾರುತಿ ಮರ ಹತ್ತುವುದನ್ನೇ ಬಿಟ್ಟು, ಬೇಲಿಯ ಬುಡದಲ್ಲಿ ನೆಲದ ಮೇಲೆ ಕೂತು, ಸೋಮವಾರದ ತನಕ ರಸ್ತೆ ನೋಡುತ್ತಿದ್ದ. ಗುಂಪು ಬಂದು ಇವನನ್ನು ನೋಡಿ, ಬ್ಯಾಂಕಿನ ಕೌಂಟರಿನಲ್ಲಿ ಊಟದ ಬೋರ್ಡು ಕಂಡವರ ಹಾಗೆ ತಿರುಗಿ ಹೋಗುತ್ತಿತ್ತು. ಮಂಗಳವಾರದಿಂದ ಅವಳು ಮತ್ತೆ ಎತ್ತರದ ಕೊಂಬೆಗಳಿಗೆ ಸೊಪ್ಪು ಕಟ್ಟಿಸಿ ಅವನನ್ನು ಮೇಲೆ ಹತ್ತಿಸಬೇಕು. ಶುಕ್ರವಾರದ ಹೊತ್ತಿಗೆ ಅವನು ಹತ್ತುತ್ತಿದ್ದ. ಶನಿವಾರ ಬಿಳಿ ಕಾರು ಬರುತ್ತಿತ್ತು.

ಇಲಾಖೆಯ ಪಶುವೈದ್ಯ ಡಾಕ್ಟರ್ ಅಮರೇಶ್ ಫೋನಿನಲ್ಲಿ ಚುಟುಕಾಗಿ ಹೇಳಿದ್ದರು: "ಮಳೆಗಾಲ ಮುಗಿದ ಮೇಲೆ ಬಂದು ನೋಡ್ತೀನಿ. ಜನ ಕರೆದ್ರೆ ಬೇಲಿ ಹತ್ರ ಬರಬಾರದು. ಬಂದ್ರೆ ಬಿಡುಗಡೆ ಇಲ್ಲ, ಝೂಗೆ ಕಳಿಸೋದೇ. ಎರಡನೇ ಅವಕಾಶ ಕೇಳಬೇಡಿ, ಆ ಆವರಣಕ್ಕೆ ಬೇರೆ ಪ್ರಾಣಿ ಕಾಯ್ತಿದೆ. ಓಕೆ, ಮುಂದಕ್ಕೆ."

ಅವರ ಎಲ್ಲ ಮಾತಿನ ಕೊನೆಗೂ "ಓಕೆ, ಮುಂದಕ್ಕೆ" ಇರುತ್ತಿತ್ತು, ಕಂಡಕ್ಟರರ ಹಾಗೆ. ಇದನ್ನು ಮೊದಲು ಗುರುತಿಸಿದವನು ಮೈಲಾರೇಶ್. ಹಡಗಲಿಯಲ್ಲಿ ಬಿ.ಎ. ಮುಗಿಸಿ ಪ್ರಾಣಿಪಾಲಕನಾಗಿ ಸೇರಿದ್ದ ಅವನು ಒಮ್ಮೆ ಕೇಳಿದ ಯಾವ ದನಿಯನ್ನೂ ಬಿಡುತ್ತಿರಲಿಲ್ಲ. ಕರಡಿಗೆ ಊಟ ಕೊಡುವಾಗ ಬಸ್ ಸ್ಟ್ಯಾಂಡಿನ ಮೈಕಿನ ಹೆಂಗಸಾಗಿ, "ಪ್ರಯಾಣಿಕರ ಗಮನಕ್ಕೆ, ರಾಗಿ ಮುದ್ದೆ ಎರಡನೇ ಅಂಕಣಕ್ಕೆ ಬರುತ್ತದೆ," ಎನ್ನುತ್ತಿದ್ದ. ಮಾರುತಿ ಬಂದ ಹೊಸತರಲ್ಲಿ ಸೊಪ್ಪು ಮುಟ್ಟದೆ ಸೊರಗಿದಾಗ ಶಿವಯೋಗಪ್ಪನವರ ದನಿ ತೆಗೆದು "ಬಾರೋ ನಮ್ಮಪ್ಪಾ" ಎಂದು ಕರೆದು ತಿನ್ನಿಸಿದವನೂ ಅವನೇ. ಸಂಘಮಿತ್ರಾ ಮೊದಲು ಮೆಚ್ಚಿದಳು. ಆ ದನಿ ಇಲ್ಲದೆ ಮಾರುತಿ ಒಂದು ಎಲೆಯನ್ನೂ ಕಚ್ಚುವುದಿಲ್ಲ ಎಂದು ತಿಳಿದ ದಿನ ತಲೆ ಚಚ್ಚಿಕೊಂಡಳು. ಆ ಚಟ ಬಿಡಿಸುವುದರಲ್ಲಿ ಒಂದಿಡೀ ತಿಂಗಳು ಹೋಗಿತ್ತು.

ಈಗ ಅದೇ ಮೈಲಾರೇಶ್ ಸೊಪ್ಪಿನ ಹೊರೆ ಇಳಿಸುತ್ತ ಹೇಳಿದ: "ಮೇಡಂ, ನೀವು ಸಿಟ್ಟಾಗಲ್ಲಂದ್ರ ಒಂದು ಮಾತು. ಸಾವ್ಕಾರ್ರಿಗೆ ಬೇಕಾಗಿರದು ಮಾರುತಿ ಅಲ್ರಿ. ಮಾರುತಿ ಕೈ."

"ಅಂದ್ರ?"

"ಹಣ್ಣು ತಗಳ್ಳಾಕ ಒಂದು ಕೈ ಬೇಕು. ಅದು ಯಾರ ಮೈಗೆ ಅಂಟಿಕೊಂಡಿರ್ತೈತಿ ಅಂತ ವ್ರತದಾಗ ಹೇಳಿಲ್ಲಲ್ರಿ."

ಅವನ ಯೋಜನೆ ಕೇಳಿ ಸಂಘಮಿತ್ರಾ ಅವನ ಕಡೆ ಸೊಪ್ಪಿನ ಕಂತೆ ಎಸೆದಳು. ಇದು ನಾಟಕದ ಕಂಪನಿಯಲ್ಲ ಎಂದಳು. ವಯಸ್ಸಾದವರಿಗೆ ಹೀಗೆ ಮೋಸ ಮಾಡಲು ನಾಚಿಕೆಯಾಗಬೇಕು ಎಂದಳು. ಮೈಲಾರೇಶ್ ಎರಡನ್ನೂ ಒಪ್ಪಿಕೊಂಡ.

ಆ ರಾತ್ರಿಯೂಟದ ಹೊತ್ತಿಗೆ ಸಂಘಮಿತ್ರಾಗೆ ಅಪ್ಪನ ಫೋನು ಬಂತು. ಅಪ್ಪ ಗಾಳೆಪ್ಪ ಹರಪನಹಳ್ಳಿಯ ಗೋಡೌನುಗಳಲ್ಲಿ ಚೀಲ ಹೊತ್ತವನು, ಶಿವಯೋಗಪ್ಪನವರ ಚೀಲಗಳನ್ನೂ ಹೊತ್ತವನು.

"ನೀನು ಕಾನೂನು ಮಾಡವ್ವ, ಬ್ಯಾಡನ್ನಲ್ಲ," ಎಂದ ಅಪ್ಪ. "ಆದ್ರ ಮನುಷ್ಯಾಗ ಒಂದು ಲೋಟ ನೀರರ ಕುಡಿಸು. ಅವ್ರು ಬಿದ್ರ ಸಕ್ರಿ ಕಾಯಿಲಿಯಿಂದ ಬಿದ್ರು ಅಂತ ಯಾರೂ ಅನ್ನಲ್ಲ. ಗಾಳೆಪ್ಪನ ಮಗಳು ಬೀಳಿಸಿದ್ಲು ಅಂತಾರ."

"ಅಪ್ಪಾ, ಮುಸ್ಯಾನ ಸೊಂಟ ನೋಡೀಯೇನು ನೀನು? ಸರಪಳಿ ತಿಂದು ಇನ್ನೂ ಅಲ್ಲಿ ಕೂದಲು ಬಂದಿಲ್ಲ."

"ನೋಡೀನವ್ವ. ನಾನೂ ಅಲ್ಲೇ ಇದ್ನಲ್ಲ." ಅಪ್ಪ ದನಿ ತಗ್ಗಿಸಿದ. "ಎರಡೂ ಜೀವ ಉಳಿಯಂಗ ಏನರ ಮಾಡು."

ಮುಂದಿನ ಶನಿವಾರಕ್ಕೆ ಸಂಘಮಿತ್ರಾ ಹಿಂದಿನ ಬೇಲಿಯ ದಾರಿಯನ್ನು ಮುಳ್ಳು ಬಡಿಸಿ ಮುಚ್ಚಿಸಿದ್ದಳು. ಅಂದು ಶಿವಯೋಗಪ್ಪನವರು ನಿಜಕ್ಕೂ ಬಿದ್ದರು. ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಿದ್ದವರು ಬೆವರಿ, ಪಕ್ಕಕ್ಕೆ ವಾಲಿದರು. ನೀಲಗಂಗಮ್ಮ ಸಕ್ಕರೆ ನೀರು ತುಟಿಗೆ ಹಿಡಿದರೆ ಹಲ್ಲು ಕಚ್ಚಿ ಮುಖ ತಿರುಗಿಸಿದರು. "ಅವನು ತಿಂದಿಲ್ಲ," ಎಂದರು. ಸಂಘಮಿತ್ರಾಗೆ ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲಿನ ಸಿಟ್ಟೆಂದು ಕೇಳಿದ್ದರೆ ಅವಳು ಗುಡ್ಡದ ಕಡೆಗೂ ಬೆರಳು ತೋರಿಸುತ್ತಿದ್ದಳೇನೋ.

"ಮೈಲಾರಿ," ಎಂದಳು, ಹಲ್ಲುಗಳ ನಡುವಿನಿಂದ. "ಆ ಕೈ ತಯಾರೈತೇನು?"

ಅದು ತಯಾರಾಗಿ ವಾರವಾಗಿತ್ತು. ಮೈಲಾರೇಶ್ ತನ್ನ ಹಳೆಯ ಬೂದು ಸ್ವೆಟರಿನ ತೋಳನ್ನು ಕರಡಿಯ ಮೈ ಉಜ್ಜುವ ಬ್ರಷ್ಷಿನಿಂದ ಕೆದರಿ ಕೂದಲೆಬ್ಬಿಸಿದ್ದ. ರಬ್ಬರಿನ ಕೈಗವಸಿಗೆ ಒಲೆಯ ಮಸಿ ಮೆತ್ತಿದ್ದ. ಗೇಟಿನ ಹತ್ತಿರ, ಹೊಸ ಪ್ರಾಣಿಗಳನ್ನು ಮೊದಲು ಇಡುವ ಒಂದು ಶೆಡ್ಡು ಆಗ ಖಾಲಿ ಇತ್ತು. ಮಾರುತಿಯ ಆವರಣದಿಂದ ಅದು ಮಾತು ಕೇಳಿಸದಷ್ಟು ದೂರ. ಶೆಡ್ಡಿನ ಮುಂದೆ ಹಸಿರು ನೆರಳುಬಟ್ಟೆ ಇಳಿಬಿಟ್ಟಿದ್ದರು, ಅದರಲ್ಲಿ ಮೊಣಕೈ ಹಿಡಿಯುವಷ್ಟು ಸೀಳು. ಮಾರುತಿಗೆ ಬೆಳಕು ಆಗಿಬರುತ್ತಿಲ್ಲ, ಮುಖ ತೋರಿಸುವ ಹಾಗಿಲ್ಲ ಎಂದು ಸಂಘಮಿತ್ರಾ ಹೇಳಿದಳು. ಹೇಳುವಾಗ ನಾಲಿಗೆ ತೊದಲಿತು. ಶಿವಯೋಗಪ್ಪನವರು ಅದನ್ನು ಕರುಣೆ ಎಂದುಕೊಂಡರು.

ಸೀಳಿನಿಂದ ಕಪ್ಪು ಕೈ ಹೊರಬಂತು. ಆತುರಪಡಲಿಲ್ಲ. ಗಾಳಿಯಲ್ಲಿ ಸ್ವಲ್ಪ ತಡವರಿಸಿ, ಹಣ್ಣು ಸಿಕ್ಕಿದೊಡನೆ ಕಿತ್ತುಕೊಂಡು ಒಳಹೋಯಿತು. ಒಳಗಿನಿಂದ ಮೆಲ್ಲುವ ಸದ್ದು, ನಡುವೆ ಒಂದು ಸಣ್ಣ ಗುರುಗುಟ್ಟುವಿಕೆ. ಶಿವಯೋಗಪ್ಪನವರು ಕೈಮುಗಿದು, ತಲೆ ಬಗ್ಗಿಸಿ ಸೀಳಿಗೆ ಒಡ್ಡಿದರು. ಕೈ ಮತ್ತೆ ಬಂದು ಅವರ ಬೋಳುತಲೆಯ ಮೇಲೆ ಒಂದು ಗಳಿಗೆ ಕೂತಿತು. ಆಮೇಲೆ ಅವರು ಎರಡು ಲೋಟ ನೀರು ಕುಡಿದು, ಬುತ್ತಿಯ ರೊಟ್ಟಿ ಬಿಚ್ಚಿದರು.

ಮಾರುತಿಗೆ ಮನುಷ್ಯರನ್ನು ನಂಬಬಾರದು ಎಂದು ಕಲಿಸುವ ಕೆಲಸ ತನ್ನದು, ಅದಕ್ಕೆ ಸರಿಯಾದ ಕಾರಣವನ್ನು ಇವತ್ತು ತಾನೇ ಒದಗಿಸಿದೆ ಎಂದುಕೊಂಡಳು ಸಂಘಮಿತ್ರಾ. ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಶನಿವಾರದ ಉಪವಾಸ ಗಂಡಸಿನಿಂದ ಹೆಂಗಸಿಗೆ ವರ್ಗವಾಗಿತ್ತು, ಅಷ್ಟೇ.

ಆದರೆ ಮಾರುತಿ ಹತ್ತತೊಡಗಿದ. ಭಾನುವಾರ ನೆಲಕ್ಕಿಳಿಯಲಿಲ್ಲ. ಕಮರದ ಚಿಗುರನ್ನು ತಾನೇ ಹುಡುಕಿದ. ಗುಂಪಿನ ಒಂದು ಹೆಣ್ಣು ಜಾಲರಿಯ ಹೊರಗೆ ಬಂದು ಬೆನ್ನು ತಿರುಗಿಸಿ ಕೂತರೆ ಇವನು ಒಳಗಿನಿಂದ ಬೆರಳು ತೂರಿಸಿ ಅವಳ ಬೆನ್ನಿನ ಹೇನು ಹೆಕ್ಕಿದ. ಅದನ್ನು ಕಂಡ ದಿನ ಸಂಘಮಿತ್ರಾ ಬಂಡೆಯ ಮರೆಯಲ್ಲಿ ಕೂತು, ಸದ್ದಾಗದ ಹಾಗೆ ತನ್ನ ತೊಡೆಯನ್ನೇ ಗುದ್ದಿಕೊಂಡಳು.

ಅತ್ತ ಶನಿವಾರದ ಕೈಯ ತಾಪತ್ರಯ ಬೆಳೆಯಿತು. ಕೊಟ್ಟೂರಿನಿಂದ ಯಾರೋ ಫೋನು ಮಾಡಿ ಕೈದರ್ಶನದ ಸಮಯ ಕೇಳಿದರು. ಕಾವಲುಗಾರ ಶೆಡ್ಡಿನ ಬಾಗಿಲಿಗೆ ಮಾವಿನೆಲೆ ಕಟ್ಟಿದ, ಅವಳು ಕಿತ್ತಳು, ಅವನು ಮತ್ತೆ ಕಟ್ಟಿದ. ಮೈಲಾರೇಶನಿಗೆ ಸ್ವೆಟರಿನಿಂದ ತೋಳೆಲ್ಲ ತುರಿಕೆಯಾಗಿ, ಅದಕ್ಕೂ ಕರಡಿಯ ಮುಲಾಮನ್ನೇ ಹಚ್ಚಿಕೊಂಡ. ಅದಕ್ಕಿಂತ ಹೆಚ್ಚಿನ ತುರಿಕೆ ಎಂದರೆ ಶಿವಯೋಗಪ್ಪನವರು ಸೀಳಿಗೆ ಬಾಯಿ ಹಚ್ಚಿ ಮಾತಾಡಲು ಶುರುಮಾಡಿದ್ದು. ಅವರು ಹೋದ ಮೇಲೆ ಮೈಲಾರೇಶ್ ಅದನ್ನೆಲ್ಲ ಅವರದೇ ದನಿಯಲ್ಲಿ ಒಪ್ಪಿಸುತ್ತಿದ್ದ.

"ಮಾರುತೀ, ನೀನು ಹೋದ ಮ್ಯಾಲೆ ಕೋತಿ ಬಂದು ನನ್ನ ಕುರ್ಚಿಮ್ಯಾಲೆ ಕುಂದರ್ತಾವಪ್ಪ. ಮನ್ಯಾಗ ಸಾರಿಗೆ ಉಪ್ಪಿಲ್ಲ. ಡಾಕ್ಟರ್ ಬ್ಯಾಡಂದಾನಂತ, ಈಕಿಗೆ ಅಷ್ಟ ಸಾಕು, ಉಪ್ಪಿನ ಡಬ್ಬಿ ಬೀರುದಾಗ ಇಟ್ಟು ಕೀಲಿ ಹಾಕ್ಯಾಳ."

ಅಡುಗೆಯವರು, ಕಾವಲುಗಾರ, ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಸಂಘಮಿತ್ರಾ ನಗದೆ ಎದ್ದು ಹೋಗುತ್ತಿದ್ದಳು. ಒಂದು ಶನಿವಾರ ಮೈಲಾರೇಶ್ ಕೈಗವಸು ಕಳಚಿ, ಸುಮ್ಮನೆ ಬಕೆಟ್ಟಿನಲ್ಲಿ ಕೈ ತೊಳೆದುಕೊಳ್ಳುತ್ತಿದ್ದ.

"ಇವತ್ತೇನಂದ್ರು?" ಎಂದ ಕಾವಲುಗಾರ.

"ಏನಿಲ್ಲ. ಅತ್ರು," ಎಂದ ಮೈಲಾರೇಶ್. "ಅದನ್ನ ಮಾಡಿ ತೋರ್ಸಾಕ ಆಗಲ್ಲಲೇ."

ಮಳೆಗಾಲ ಮುಗಿಯಿತು. ಡಾಕ್ಟರ್ ಅಮರೇಶ್ ಬರುತ್ತೇನೆಂದ ದಿನ ಶನಿವಾರವೇ ಆಗಿತ್ತು. ಬೇರೆ ದಿನ ಆಗಬಹುದೇ ಎಂದು ಕೇಳಿ ಸಂಘಮಿತ್ರಾ "ಓಕೆ, ಮುಂದಕ್ಕೆ" ಅನ್ನಿಸಿಕೊಂಡಳು. ಶಿವಯೋಗಪ್ಪನವರನ್ನು ಶೆಡ್ಡಿನ ಹತ್ತಿರವೇ ಬೇಗ ಮುಗಿಸಿ ಕಳಿಸಬೇಕು ಎಂದು ಮೈಲಾರೇಶನಿಗೆ ಹೇಳಿದ್ದಳು. ಆದರೆ ಡಾಕ್ಟರರ ಜೀಪು ಮತ್ತು ಬಿಳಿ ಕಾರು ಒಂದೇ ಧೂಳಿನಲ್ಲಿ ಬಂದವು. ಇಳಿಯುತ್ತಲೇ ಇಬ್ಬರೂ ಪರಿಚಯ ಮಾಡಿಕೊಂಡಾಗಿತ್ತು.

"ಇವರೇ ಸಾಕಿದೋರಾ?" ಎಂದರು ಡಾಕ್ಟರು. ತೆಳ್ಳಗಿನ, ಒಣ ಮುಖದ ಮನುಷ್ಯ. "ಒಳ್ಳೇದಾಯ್ತು. ಗುರುತಿಲ್ಲದೋರು ಕರೆದಾಗ ಬರದಿದ್ರೆ ಅದೇನು ದೊಡ್ಡ ಮಾತಲ್ಲ. ಇವರೇ ಕರೀಲಿ. ಬರಲಿಲ್ಲ ಅಂದ್ರೆ ಆಗ ನಾನು ಒಪ್ತೀನಿ."

ಸಂಘಮಿತ್ರಾ ಮೈಲಾರೇಶನ ಕಡೆ ನೋಡಿದಳು. ಇಷ್ಟು ದಿನ ಮಾರುತಿಯ ಕಿವಿಗೆ ಬೀಳದ ಹಾಗೆ ಕಾಪಾಡಿದ್ದ ಒಂದೇ ದನಿ ಅದು.

ಆವರಣದ ಹತ್ತಿರ ಬಂದಾಗ ಶಿವಯೋಗಪ್ಪನವರು ಸುತ್ತ ನೋಡಿದರು. "ಇಲ್ಯಾಕ? ಅವನ ಖೋಲಿ ಅಲ್ಲಿ ಐತಲ್ಲ."

"ಶಿಫ್ಟ್ ಮಾಡೀವ್ರಿ," ಎಂದ ಮೈಲಾರೇಶ್, ನೆಲ ನೋಡುತ್ತ.

ಶಿವಯೋಗಪ್ಪನವರು ಬಾಳೆಹಣ್ಣು ಎತ್ತಿ ಹಿಡಿದು ಕರೆದರು. "ಬಾರೋ ನಮ್ಮಪ್ಪಾ. ಮಾರುತೀ, ಬಾರೋ." ತುಂಬು ಗಂಟಲು, ತುಂಬು ನಂಬಿಕೆ.

ಕಮರದ ತುದಿಯಲ್ಲಿ ಮೆಲ್ಲುತ್ತಿದ್ದ ಬಾಯಿ ನಿಂತಿತು. ಮಾರುತಿ ಕೆಳಗೆ ನೋಡಿದ. ಒಂದು ಕೊಂಬೆ ಇಳಿದ. ಇನ್ನೊಂದು ಕೊಂಬೆ. ಅವನು ಹಣ್ಣನ್ನು ನೋಡಿದ, ಕರೆಯುವ ಮುಖವನ್ನು ನೋಡಿದ, ಯಾರದೋ ಹೆಸರು ನೆನಪಾಗದವನ ಹಾಗೆ ಎದೆ ಕೆರೆದುಕೊಂಡ. ಅಷ್ಟರಲ್ಲಿ ಹೊರಗೆ ಬಂಡೆಯ ಮೇಲೆ ಎರಡು ಮರಿಗಳು ಬಾಲಕ್ಕಾಗಿ ಜಗಳ ತೆಗೆದು ಕಿರುಚಿದವು. ಮಾರುತಿ ಅತ್ತ ಕತ್ತು ತಿರುಗಿಸಿದವನು ಇತ್ತ ತಿರುಗಿಸಲಿಲ್ಲ. ಮೇಲಕ್ಕೆ ಹತ್ತಿ, ಎಲ್ಲರಿಗೂ ಬೆನ್ನು ಕೊಟ್ಟು ಕೂತ.

"ಓಕೆ," ಎಂದರು ಡಾಕ್ಟರು, ಪೆನ್ನು ತೆಗೆದರು.

ಸಂಘಮಿತ್ರಾ ಉಸಿರು ಬಿಡುವ ಮೊದಲೇ ಶಿವಯೋಗಪ್ಪನವರ ದನಿ ಕೇಳಿಸಿತು. ಅದು ನೊಂದ ದನಿ. "ಇಲ್ಲ ಸರ, ಬರಕೋಬ್ಯಾಡ್ರಿ. ಇವತ್ತು ಯಾಕೋ ಸಿಟ್ಟಾಗ್ಯಾನ. ಹೋದ ಶನಿವಾರ ಇದೇ ಕೈಯಾಗಿಂದು ತಿಂದಾನ. ಎಲ್ಲಾ ಶನಿವಾರ ತಿಂದಾನ. ತಲಿಮ್ಯಾಲೆ ಕೈ ಇಟ್ಟಾನ, ಬೇಕಾದ್ರ ಮೇಡಂನ ಕೇಳ್ರಿ."

ಪೆನ್ನು ನಿಂತಿತು. "ಪ್ರತಿ ಶನಿವಾರ?"

"ತಪ್ಪಿಲ್ಲದಂಗ."

"ಮೇಡಂ, ಮನುಷ್ಯರ ಸಂಪರ್ಕವೇ ಇಲ್ಲ ಅಂದಿದ್ರಿ ನನಗೆ." ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಇವತ್ತು ಹೊಟ್ಟೆ ತುಂಬಿಸಿ ಕೂಡಿಸಿದ್ದೀರಿ ಅಂತ ಕಾಣುತ್ತೆ. ಝೂಗೆ ಹೇಳ್ತೀನಿ. ಮುಂದಕ್ಕೆ."

ಅವಳಿಗೆ ಅಳು ಬರಬೇಕಿತ್ತು, ಬಂದದ್ದು ಬೇಸರ. ಬರೀ ಬೇಸರ. ಗುಡ್ಡ, ಗುಂಪು, ಕಮರದ ಚಿಗುರು, ಒಂದು ಹೆಣ್ಣಿನ ಬೆನ್ನು, ಎಲ್ಲವನ್ನೂ ಇಷ್ಟು ಹತ್ತಿರ ತಂದು, ಒಂದು ಸ್ವೆಟರಿನ ತೋಳಿಗೆ ಸಿಕ್ಕಿಸಿ ಕಳೆದುಕೊಳ್ಳುವುದೇ? ಹೇಳಿದರೆ ಮಾರುತಿ ಉಳಿಯುತ್ತಾನೆ. ಹೇಳಿದರೆ ಈ ಹಿರಿಯರು ಹೆಂಡತಿಯ ಮುಂದೆ, ಡ್ರೈವರನ ಮುಂದೆ, ಇಷ್ಟೆಲ್ಲ ಜನರ ಮುಂದೆ, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಚೀಲ ಹೊತ್ತವನ ಮಗಳ ಮುಂದೆ ಬೆಪ್ಪಾಗುತ್ತಾರೆ. ಅವಳು ಮೇಲೆ ನೋಡಿದಳು. ಕಮರದ ಮೇಲಿನ ಬೂದುಬೆನ್ನಿನಲ್ಲಿ, ಸೊಂಟದ ಸುತ್ತ, ಸರಪಳಿಯ ಗುರುತಿಗೆ ಇನ್ನೂ ಕೂದಲು ಬಂದಿರಲಿಲ್ಲ.

"ಅದು ಮಾರುತಿ ಅಲ್ರಿ," ಎಂದಳು.

"ಯಾವುದು?"

"ಶನಿವಾರದ ಕೈ. ಅದು ನಮ್ಮ ಮೈಲಾರೇಶನದು."

ಡಾಕ್ಟರು ಮೊದಲ ಸಲ ಬೇಸರವಲ್ಲದ ಮುಖ ಮಾಡಿದರು. "ಪಾಸು ಮಾಡಿಸೋಕೆ ಕತೆ ಕಟ್ಟಬೇಡಿ ಮೇಡಂ. ಮನುಷ್ಯನ ಕೈಗೂ ಮುಸುವನ ಕೈಗೂ ವ್ಯತ್ಯಾಸ ತಿಳಿಯದೋರು ಯಾರಿರ್ತಾರೆ?"

ತಿಳಿಯದವರು ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಲಾಗದೆ ಸಂಘಮಿತ್ರಾ ಮುಂದೆ ನಡೆದಳು. ಎಲ್ಲರೂ ಹಿಂದೆ ಬಂದರು. ಶೆಡ್ಡಿನ ಮುಂದೆ ಸಾಲಾಗಿ ನಿಂತಾಗ ಅದು ನಾಟಕದ ಪರದೆ ಏಳುವ ಮುಂಚಿನ ಹೊತ್ತಿನಂತಿತ್ತು. ಮೈಲಾರೇಶ್ ತಲೆ ತಗ್ಗಿಸಿ ಒಳಹೋದ. ಹಸಿರು ಬಟ್ಟೆ ಅಲ್ಲಾಡಿತು. ಸೀಳಿನಿಂದ ಕಪ್ಪು ಕೈ ಹೊರಬಂತು. ಆವತ್ತು ಅದು ಹಣ್ಣಿಗಾಗಿ ತಡವರಿಸಲಿಲ್ಲ.

ಶಿವಯೋಗಪ್ಪನವರು ಹತ್ತಿರ ಹೋದರು. ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ತೋಳನ್ನು ಎಳೆದರು, ಉಣ್ಣೆಯ ಒಂದೆಳೆ ಬಿಚ್ಚಿಕೊಂಡು ಬಂತು. ಎಳೆಯುತ್ತ ಹೋದರು, ಅದು ಬರುತ್ತಲೇ ಇತ್ತು. ಅವರ ಬೋಳುತಲೆ ಕೆಂಪಾಗಿತ್ತು.

"ಹೊರಗ ಬಾ," ಎಂದರು.

ಮೈಲಾರೇಶ್ ಬ್ಯಾಟರಿ ಮುಗಿದ ರೇಡಿಯೋದಂತೆ ಹೊರಬಂದು ನಿಂತ. ಶಿವಯೋಗಪ್ಪನವರು ಬಾಳೆಹಣ್ಣು ಮುಂದೆ ಹಿಡಿದರು.

"ತಿನ್ನು."

"ಸಾವ್ಕಾರ್ರ, ತಪ್ಪಾತ್ರಿ..."

"ತಿನ್ನಲೇ. ನಾನು ಮುಂಜಾನಿಯಿಂದ ನೀರು ಕುಡಿದಿಲ್ಲ."

ಮೈಲಾರೇಶ್ ತಿಂದ. ಗಂಟಲಲ್ಲಿ ಇಳಿಯದೆ ಕಣ್ಣಲ್ಲಿ ನೀರು ಬಂತು, ಆದರೂ ತಿಂದ. ಶಿವಯೋಗಪ್ಪನವರು ಹೆಂಡತಿಯ ಕೈಯಿಂದ ನೀರು ಇಸಿದುಕೊಂಡು ಗಟಗಟ ಕುಡಿದರು. ಬಾಯಿ ಒರೆಸಿಕೊಂಡು ಅವನನ್ನೇ ನೋಡುತ್ತ ನಿಂತರು.

"ಗೌರಿ ಹುಣ್ಣಿವಿ ಮುಂಚಿನ ವಾರ ಒಂದು ಮಾತು ಕೇಳಿದ್ದೆ ನಿನ್ನ. ಜ್ವಾಳ ಇಟ್ಕಳ್ಳೋ, ಮಾರ್ಲೋ ಅಂತ. ನೀನು ತಲಿಮ್ಯಾಲೆ ಎರಡು ಸಲ ಪಟ್ ಪಟ್ ಅಂತ ಬಡದಿ. ನಾನು ಮಾರಿದೆ. ಪೂರಾ ಗೋಡೌನು ಮಾರಿದೆ."

"ಅದು..." ಮೈಲಾರೇಶ್ ಸಂಘಮಿತ್ರಾಳ ಕಡೆ ನೋಡಿದ. ಅವಳೂ ಸಹಾಯಕ್ಕೆ ಬರಲಿಲ್ಲ. "ಸೊಳ್ಳಿ ಕುಂತಿತ್ರಿ ಸಾವ್ಕಾರ್ರ."

"ಏನು?"

"ನಿಮ್ಮ ತಲಿಮ್ಯಾಲೆ. ಸೊಳ್ಳಿ. ಮೊದಲನೇ ಏಟಿಗೆ ತಪ್ಪಿಸ್ಕಂತು."

ನೀಲಗಂಗಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಡ್ರೈವರು ಕಾರಿನ ಮರೆಗೆ ಹೋದ. ಶಿವಯೋಗಪ್ಪನವರ ಗಲ್ಲ ಒಂದು ಸಲ ಅದುರಿತು, ಹೊಟ್ಟೆ ಎರಡು ಸಲ. ಆಮೇಲೆ ಅವರು ಬಾಯಿ ತೆರೆದರು.

"ಸೊಳ್ಳಿ ಮಾತು ಕೇಳಿ ಜ್ವಾಳ ಮಾರೀನಲ್ಲೋ," ಎಂದು ಹೇಳಲು ಹೊರಟರು, ಅರ್ಧಕ್ಕೇ ನಗು ಅವರನ್ನು ಹಿಡಿದುಕೊಂಡಿತು. ಗೋಡೌನಿನ ತುದಿಯಿಂದ ತುದಿಗೆ ಹಮಾಲರನ್ನು ಕರೆದು ಹದಗೊಂಡ ಗಂಟಲು ಅದು. ನಗು ಗುಡ್ಡಕ್ಕೆ ಬಡಿದು, ಬಂಡೆ ಬಂಡೆಗೂ ಬಡಿದು ವಾಪಸು ಬಂತು.

ಅದರ ಹಿಂದೆಯೇ ಇನ್ನೊಂದು ಸದ್ದು ಬಂತು. ಖಕ್, ಖಕ್, ಖಕ್. ಒಣ ಕೆಮ್ಮಿನಂಥ, ಚೂಪಾದ ಕೂಗು. ಚಿರತೆ ಕಂಡಾಗ ಮುಸುವಗಳು ಕೂಗುವ ಕೂಗು. ಮೊದಲು ಬಂಡೆಗಳ ಕಡೆಯಿಂದ. ಆಮೇಲೆ ಅದಕ್ಕೆ ಉತ್ತರವಾಗಿ, ಹತ್ತಿರದಿಂದ, ಜಾಲರಿಯ ಒಳಗಿನಿಂದ ಒಂದು ಒಡಕು ದನಿ.

ಡಾಕ್ಟರು ತಲೆಯೆತ್ತಿದರು. "ಅದ್ಯಾರು?"

"ಮಾರುತಿ," ಎಂದಳು ಸಂಘಮಿತ್ರಾ. ಗುಂಪಿನ ಕೂಗಿಗೆ ಅವನು ಉತ್ತರ ಕೊಟ್ಟದ್ದು ಅದೇ ಮೊದಲು.

ಡಾಕ್ಟರು ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಪೆನ್ನಿನ ಮುಚ್ಚಳ ತೆಗೆದು ಬರೆದರು. "ಬಾಗಿಲು ಇವತ್ತೇ ತೆಗೀರಿ. ಓಕೆ, ಮುಂದಕ್ಕೆ."

"ಏನಂತಾನ ಅವನು?" ಶಿವಯೋಗಪ್ಪನವರು ಹೊಟ್ಟೆ ಹಿಡಿದುಕೊಂಡೇ ಕೇಳಿದರು.

ಸಂಘಮಿತ್ರಾ ಈ ಸಲ ಸುಳ್ಳು ಹೇಳಲಿಲ್ಲ. "ನಿಮ್ಮ ನಗಿ ಕೇಳಿ, ಅಪಾಯ ಬಂತು, ಓಡ್ರಿ ಅಂತ ಗುಂಪಿಗೆ ಹೇಳಾಕ ಹತ್ಯಾನ್ರಿ."

"ಅಪಾಯ ಅನ್ನದು ನನಗಾ?"

"ನಿಮಗ."

ಶಿವಯೋಗಪ್ಪನವರು ಗುಡ್ಡದ ಕಡೆ ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಒಂದು ಕಣ್ಣು ಒರೆಸಿಕೊಂಡರು, ಇನ್ನೊಂದನ್ನು ಒರೆಸುವಷ್ಟರಲ್ಲಿ ಮತ್ತೆ ಶುರುವಾಯಿತು. ನೀಲಗಂಗಮ್ಮ ನಕ್ಕರು, ಕಾವಲುಗಾರ ನಕ್ಕ, ಸಂಘಮಿತ್ರಾ ತಿಂಗಳುಗಟ್ಟಲೆಯ ನಂತರ ಹಲ್ಲು ಬಿಟ್ಟಳು, ಮೈಲಾರೇಶ್ ಹೆದರಿಕೊಂಡೇ ನಕ್ಕ. ಅವರೆಲ್ಲರ ನಗುವನ್ನು ಮುಳುಗಿಸಿ, ಕಲ್ಲುಬೆಂಚಿನ ಮೇಲೆ ಕುಸಿದು ತೊಡೆ ತಟ್ಟಿಕೊಳ್ಳುತ್ತ, ಅತ್ತ ಮಾರುತಿ ಬೈದಷ್ಟೂ ಇತ್ತ ಜೋರಾಗಿ ಶಿವಯೋಗಪ್ಪನವರು ನಗುತ್ತಲೇ ಇದ್ದರು.